ಹೊರನಾಡಿನ ಬಿಹು ಅಂಗಳ: ಅಸ್ಸಾಮಿ ಸಂಘ ಕಟ್ಟುವವರ ಪ್ರಶ್ನೆಗಳು

ಪರದೇಶದಲ್ಲಿ ಕನ್ನಡ ಕೂಟ ನಡೆಸಿದವರಿಗೆ ಸಭಾಂಗಣ ಹಿಡಿಯುವುದು, ಚಂದಾ ಎತ್ತುವುದು, ಮಕ್ಕಳನ್ನು ಭಾನುವಾರ ಬೆಳಿಗ್ಗೆ ಭಾಷಾ ತರಗತಿಗೆ ಎಬ್ಬಿಸುವುದು ಯಾವುದೂ ಹೊಸದಲ್ಲ. ಅಸ್ಸಾಮಿಗರನ್ನು ಮದುವೆಯಾದ, ಅವರ ನೆರೆಯಲ್ಲಿರುವ, ಅವರ ಸಂಘಕ್ಕೆ ಕೈಜೋಡಿಸಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ಹೆಂಡತಿಯ ಊರು ಶಿವಸಾಗರ. ನಮ್ಮ ಸುತ್ತಮುತ್ತ ಇಪ್ಪತ್ತು ಅಸ್ಸಾಮಿ ಮನೆಗಳಿವೆ. ಇಷ್ಟು ದಿನ ಯಾರದಾದರೂ ಮನೆಯ ಹಜಾರದಲ್ಲಿ ಅಸ್ಸಾಮಿನ ಹಬ್ಬ ಬಿಹು ಆಗುತ್ತಿತ್ತು. ಈಗ ಸಂಘ ನೋಂದಾಯಿಸಬೇಕೆಂದು ಹೊರಟಿದ್ದೇವೆ. ಎಲ್ಲಿಂದ ಶುರು ಮಾಡಬೇಕು?
— ಓದುಗರು, ನ್ಯೂಜೆರ್ಸಿ

ಉತ್ತರ: ಮೊದಲು ನಿಮ್ಮ ರಾಜ್ಯದಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಣಿ. ನಂತರ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಇಐಎನ್ ಎಂಬ ಗುರುತಿನ ಸಂಖ್ಯೆ, ಆ ಸಂಖ್ಯೆಯ ಮೇಲೆ ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ, ಕೊನೆಗೆ 501(ಸಿ)(3) ತೆರಿಗೆ ವಿನಾಯಿತಿಯ ಅರ್ಜಿ. ವಾರ್ಷಿಕ ಆದಾಯ 50,000 ಡಾಲರ್ ಮೀರುವುದಿಲ್ಲ, ಆಸ್ತಿ 2,50,000 ಡಾಲರ್ ಒಳಗಿದೆ ಎನ್ನುವಂಥ ಸಣ್ಣ ಸಂಘಕ್ಕೆ 1023-ಇಜಡ್ ಎಂಬ ಚಿಕ್ಕ ಅರ್ಜಿ ಸಾಕು. ಶುಲ್ಕ 275 ಡಾಲರ್. ದೊಡ್ಡ ಅರ್ಜಿಗೆ 600. ಸಂಸ್ಥೆ ಹುಟ್ಟಿದ 27 ತಿಂಗಳೊಳಗೆ ಅರ್ಜಿ ಹಾಕಿದರೆ ವಿನಾಯಿತಿ ಹುಟ್ಟಿದ ದಿನದಿಂದಲೇ ಅನ್ವಯವಾಗುತ್ತದೆ. ಸಂಸ್ಥೆ ಮುಚ್ಚಿದರೆ ಉಳಿದ ಆಸ್ತಿ ಇನ್ನೊಂದು ವಿನಾಯಿತಿ ಪಡೆದ ಸಂಸ್ಥೆಗೇ ಹೋಗಬೇಕು ಎಂಬ ವಾಕ್ಯ ನೋಂದಣಿ ಪತ್ರದಲ್ಲಿ ಇರಲಿ. ಅದನ್ನು ಬಿಟ್ಟವರು ಮತ್ತೆ ತಿದ್ದುಪಡಿ ಮಾಡಿಸಿಕೊಂಡು ಬರಬೇಕಾಗುತ್ತದೆ.

ಸಂಘಗಳು ಎಡವುವುದು ಇಲ್ಲಲ್ಲ, ಆಮೇಲೆ. 990-ಎನ್ ಎಂಬ ಪುಟ್ಟ ವಾರ್ಷಿಕ ವರದಿಯನ್ನು ಲೆಕ್ಕದ ವರ್ಷ ಮುಗಿದ ಐದನೇ ತಿಂಗಳ 15ರೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಹತ್ತು ನಿಮಿಷದ ಕೆಲಸ. ಹಳೆಯ ಖಜಾಂಚಿ ಬೇರೆ ಊರಿಗೆ ಹೋದರು, ಪಾಸ್‌ವರ್ಡ್ ಅವರ ಜೊತೆಗೇ ಹೋಯಿತು, ಹೊಸಬರಿಗೆ ಗೊತ್ತಿಲ್ಲ ಎಂದು ಸತತ ಮೂರು ವರ್ಷ ತಪ್ಪಿದರೆ ವಿನಾಯಿತಿ ತಾನಾಗಿ ರದ್ದಾಗುತ್ತದೆ. ಅದಕ್ಕೇ ಸಂಘದ ಹೆಸರಿನಲ್ಲಿ ಒಂದು ಇಮೇಲ್ ಖಾತೆ ಮಾಡಿ, ಅದರ ಕೀಲಿ ಇಬ್ಬರ ಬಳಿ ಇಡಿ. ಡೋಲು, ತಾಳ, ಹೊರಾಯಿ (ಕಾಲಿರುವ ಕಂಚಿನ ತಟ್ಟೆ), ಸೌಂಡ್ ಪೆಟ್ಟಿಗೆ ಯಾರ ಗ್ಯಾರೇಜಿನಲ್ಲಿವೆ ಎಂಬ ಪಟ್ಟಿಯನ್ನೂ ಪ್ರತಿ ವಾರ್ಷಿಕ ಸಭೆಯಲ್ಲಿ ಓದಿ ಹೇಳಿ.

ಹೆಸರಿನ ಬಗ್ಗೆ ಒಂದು ಮಾತು. ‘ಅಸ್ಸಾಮಿ ಸಂಘ’ ಎನ್ನುವುದಕ್ಕಿಂತ ‘ಅಸ್ಸಾಂ ಸಂಘ’ ಎಂದಿಡುವುದು ವಾಸಿ. ಬೋಡೊ, ಮಿಸಿಂಗ್, ಕಾರ್ಬಿ, ದಿಮಾಸಾ, ರಾಭಾ, ಚಹಾ ತೋಟದ ಜನ, ಬರಾಕ್ ಕಣಿವೆಯ ಬಂಗಾಳಿಗಳು ಎಲ್ಲರೂ ಅಸ್ಸಾಮಿನವರೇ. ಮಿಸಿಂಗರ ಅಲಿ-ಆಯೆ-ಲಿಗಾಂಗ್ ಫಾಗುನ್ ತಿಂಗಳ ಮೊದಲ ಬುಧವಾರ ಬರುವ ಬಿತ್ತನೆ ಹಬ್ಬ. ಬೋಡೊಗಳ ಬ್ವಿಸಾಗು ಏಪ್ರಿಲ್ ನಡುವಿನ ಬೊಹಾಗ್ ಬಿಹುವಿನ ಹೊತ್ತಿಗೇ ಬೀಳುತ್ತದೆ. ಸೂಫಿ ಸಂತ ಆಜಾನ್ ಫಕೀರರ ಜಿಕಿರ್ ಭಕ್ತಿ ಹಾಡುಗಳೂ ಆ ನೆಲದವೇ. ಇವುಗಳಿಗೆ ವೇದಿಕೆಯ ಕೊನೆಯಲ್ಲಿ ಐದು ನಿಮಿಷ ಕೊಡುವ ಬದಲು ಆಯಾ ದಿನವನ್ನೇ ಸಂಘದ ಕ್ಯಾಲೆಂಡರಿಗೆ ಸೇರಿಸಿ.

ಪ್ರಶ್ನೆ: ಜನವರಿಯ ಮಾಘ್ ಬಿಹುವಿಗೆ ಮೇಜಿ (ಕಟ್ಟಿಗೆ, ಬಿದಿರಿನ ಗೋಪುರ) ಸುಡಲೇಬೇಕು ಎನ್ನುತ್ತಾರೆ ಹಿರಿಯರು. ಇಲ್ಲಿ ಆಗ ಬಿರುಬೇಸಿಗೆ. ಏನು ದಾರಿ?
— ಓದುಗರು, ಮೆಲ್ಬರ್ನ್

ಉತ್ತರ: ಸುಡಬೇಡಿ. ನಿಮ್ಮಲ್ಲಿ ಜನವರಿ ಎಂದರೆ ಕಾಳ್ಗಿಚ್ಚಿನ ಕಾಲ. ಸಂಪೂರ್ಣ ಬೆಂಕಿ ನಿಷೇಧದ ದಿನ ಒಂದು ಕಿಡಿಯೂ ಅಪರಾಧ, ಅದಕ್ಕಿಂತ ಹೆಚ್ಚಾಗಿ ಅಪಾಯ. ಹಬ್ಬದ ಜೀವ ಹಿಂದಿನ ರಾತ್ರಿಯ ಉರುಕಾದಲ್ಲಿದೆ. ಸುಗ್ಗಿ ಮುಗಿದ ಮೇಲೆ ಎಲ್ಲರೂ ಕೂಡಿ ಅಡುಗೆ ಮಾಡಿ ಉಣ್ಣುವ ರಾತ್ರಿ ಅದು. ಬಿದಿರು, ಹುಲ್ಲಿನ ಭೇಲಾಘರ್ ಗುಡಿಸಲನ್ನು ಮಕ್ಕಳ ಕೈಯಲ್ಲಿ ಕಟ್ಟಿಸಿ. ಬೆಳಿಗ್ಗೆ ಪುಟ್ಟ ಮೇಜಿಯ ಆಕಾರದ ಮುಂದೆ ದೀಪವಿಟ್ಟು ಅಕ್ಕಿ ಹಿಟ್ಟಿನ ಪಿಠಾ, ತಾಮೂಲ್-ಪಾಣ್ (ಅಡಿಕೆ-ವೀಳ್ಯ) ಅರ್ಪಿಸಿದರೆ ಸಾಕು. ಬೆಂಕಿಯ ಆಸೆಯನ್ನು ಅಕ್ಟೋಬರ್ ನಡುವಿನ ಕಾತಿ ಬಿಹುವಿಗೆ ಹಣತೆಯಾಗಿ ತಿರುಗಿಸಿ. ತುಳಸಿಯ ಬುಡದಲ್ಲಿ ‘ಸಾಕಿ’ ಎಂಬ ಹಣತೆ, ಎತ್ತರದ ಬಿದಿರಿಗೆ ಆಕಾಶ್ ಬಂತಿ: ನಮ್ಮ ಆಕಾಶಬುಟ್ಟಿಯ ಅಕ್ಕ ಎನ್ನಬಹುದು. ಈ ಹಬ್ಬವನ್ನು ಹೊರನಾಡಿನ ಸಂಘಗಳು ಸುಮ್ಮನೆ ಬಿಟ್ಟುಬಿಡುತ್ತವೆ, ಕುಣಿತವಿಲ್ಲ ಎಂಬ ಕಾರಣಕ್ಕೆ. ಭತ್ತ ಇನ್ನೂ ಹಸಿರಾಗಿ, ಕಣಜ ಬರಿದಾಗಿರುವ ಕಾಲದ ಈ ‘ಕಂಗಾಲಿ’ ಬಿಹುವಿನ ಮೌನವನ್ನೂ ಮಕ್ಕಳಿಗೆ ತೋರಿಸಬೇಕು.

ಅಮೆರಿಕದ ಓದುಗರು ಇದನ್ನು ಗಮನಿಸಿ: ಹೆಚ್ಚಿನ ಊರುಗಳು ಅನುಸರಿಸುವ ಅಗ್ನಿ ನಿಯಮದಲ್ಲಿ 3 ಅಡಿ ಅಗಲ, 2 ಅಡಿ ಎತ್ತರದೊಳಗಿನ ಉರುವಲು ‘ಮನರಂಜನೆಯ ಬೆಂಕಿ’, ಅದು ಕಟ್ಟಡದಿಂದ 25 ಅಡಿ ದೂರವಿರಬೇಕು. ಗೋಪುರದಂತೆ ಏರುವ ಮೇಜಿ ಈ ಅಳತೆ ಮೀರುವುದರಿಂದ 50 ಅಡಿ ದೂರ ಮತ್ತು ಅಗ್ನಿಶಾಮಕ ಕಚೇರಿಯ ಪರವಾನಗಿ ಎರಡೂ ಬೇಕು. ಬೇಲಿ, ಡೆಕ್‌ಗಳಿಂದ ಕಳಚಿದ ಹಳೆಯ ಮರವನ್ನು ಸುಡಲೇಬೇಡಿ. ಗೆದ್ದಲು ಹತ್ತದಂತೆ ಆರ್ಸೆನಿಕ್ ಹಾಯಿಸಿದ ಮರ ಅದಾಗಿರಬಹುದು. ಮೇಜಿಯ ಬೂದಿಯನ್ನು ತೋಟಕ್ಕೆ ಚೆಲ್ಲುವ ವಾಡಿಕೆ ಇರುವುದರಿಂದ ಆ ವಿಷ ಮಣ್ಣಿಗೂ ಸೇರುತ್ತದೆ.

ಪ್ರಶ್ನೆ: ಗುವಾಹಟಿಯಿಂದ ಬರುವಾಗ ಬೋರಾ ಚಾವುಲ್ (ಅಂಟಕ್ಕಿ), ಪರಿಮಳದ ಜೋಹಾ ಅಕ್ಕಿ, ಊದುವ ಪೇಪಾ, ಮುಖವಾಡ ತರಬಹುದೇ?
— ಓದುಗರು, ಹೂಸ್ಟನ್

ಉತ್ತರ: ಅಕ್ಕಿ ಬೇಡ. ಖಾಪ್ರಾ ಎಂಬ ಕಾಳುಹುಳುವಿನ ಕಾರಣ ಭಾರತದಿಂದ ಪ್ರಯಾಣಿಕರ ಸಾಮಾನಿನಲ್ಲಿ ಅಕ್ಕಿ ತರುವುದನ್ನು ಅಮೆರಿಕ 2011ರಿಂದ ನಿಷೇಧಿಸಿದೆ. ಕಡಲೆಕಾಳಿಗೂ ಅದೇ ನಿಯಮ. ಒಂದು ಕಿಲೋ ಆದರೂ ಕಸದ ಬುಟ್ಟಿಗೆ. ಬೋರಾ ಚಾವುಲ್ ಬದಲಿಗೆ ಥಾಯ್ ಅಂಗಡಿಯ ಅಂಟಕ್ಕಿ ಬಳಸಿ. ಪೇಪಾ ಎಮ್ಮೆಯ ಕೊಂಬು, ಅದರ ಬಾಯಿಗೆ ಬಿದಿರಿನ ನಳಿಗೆ. ಒಳಗೆ ಚರ್ಮ, ಮಾಂಸದ ಎಳೆ ಚೂರೂ ಇಲ್ಲದಂತೆ ಕೆರೆಸಿ, ಒಣಗಿಸಿ ತಂದು ಫಾರಂನಲ್ಲಿ ಘೋಷಿಸಿ. ಮುಚ್ಚಿಟ್ಟರೆ ದಂಡ; ಹೇಳಿಬಿಟ್ಟರೆ ಹೆಚ್ಚೆಂದರೆ ವಸ್ತು ಹೋಗುತ್ತದೆ. ಮಾಜುಲಿಯ ಮುಖವಾಡ ಬಿದಿರಿನ ಹಂದರದ ಮೇಲೆ ಬಟ್ಟೆ, ಕುಂಬಾರ ಮಣ್ಣು, ಸಗಣಿ ಮೆತ್ತಿ ಮಾಡಿದ್ದು. ಮಣ್ಣು, ಸಗಣಿ ಎಂದರೆ ಗಡಿಯಲ್ಲಿ ತಡೆ ಖಂಡಿತ, ಆಸ್ಟ್ರೇಲಿಯಾದಲ್ಲಂತೂ ಇನ್ನೂ ಬಿಗಿ. ಮುಖವಾಡದ ಕಲಾವಿದರಿಂದ ವೀಡಿಯೊ ಮೂಲಕ ಹಂದರ ಹೆಣೆಯುವುದನ್ನು ಕಲಿತು, ಮೇಲೆ ಕಾಗದದ ರೊಟ್ಟು ಮೆತ್ತಿಸುವುದು ಒಳ್ಳೆಯದು. ಕಲಿಸಿದ ಕೈಗೆ ಹಣವೂ ಸೇರುತ್ತದೆ.

ಪ್ರಶ್ನೆ: ತಿಲ್ ಪಿಠಾ ಸುರುಳಿ ಸುತ್ತುವಾಗ ಪ್ರತಿ ಸಲವೂ ಒಡೆಯುತ್ತದೆ. ಅಂಗಡಿಯ ಅಂಟಕ್ಕಿ ಹಿಟ್ಟು ಬಳಸುತ್ತಿದ್ದೇನೆ.
— ಓದುಗರು, ಲೆಸ್ಟರ್

ಉತ್ತರ: ದೋಷ ಒಣ ಹಿಟ್ಟಿನದು. ತಿಲ್ ಪಿಠಾಕ್ಕೆ ಹಿಟ್ಟು ಕಲಸುವುದಿಲ್ಲ, ಕಾವಲಿಯ ಮೇಲೆ ಉದುರಿಸುತ್ತಾರೆ. ಹಿಟ್ಟಿನೊಳಗಿನ ತೇವವೇ ಆವಿಯಾಗಿ ಅದನ್ನು ಹಾಳೆಯಂತೆ ಕೂಡಿಸಬೇಕು. ತೇವವಿಲ್ಲದಿದ್ದರೆ ಕೂಡುವುದೇ ಇಲ್ಲ.

500 ಗ್ರಾಂ ಅಂಟಕ್ಕಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು, ಬಟ್ಟೆಯ ಮೇಲೆ ಅರ್ಧ ಗಂಟೆ ಹರವಿ. ಕಾಳು ಮುಟ್ಟಿದರೆ ತಣ್ಣಗಿರಬೇಕು, ಕೈಗೆ ನೀರು ಹತ್ತಬಾರದು. ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ, ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಒಂದೇ ಸಮ ತಿರುಗಿಸಿದರೆ ಬಿಸಿಗೆ ಮುದ್ದೆಯಾಗುತ್ತದೆ. ಜರಡಿ ಹಿಡಿದು, ಚಿಟಿಕೆ ಉಪ್ಪು ಬೆರೆಸಿ, ಒದ್ದೆ ಬಟ್ಟೆ ಮುಚ್ಚಿಡಿ. ಪುಟ್ಟಿನ ಹಿಟ್ಟಿನ ಹದ ಗೊತ್ತಿದ್ದವರಿಗೆ ಅದೇ ಹದ: ಮುಷ್ಟಿಯಲ್ಲಿ ಹಿಡಿದರೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಅಂಗಡಿ ಹಿಟ್ಟೇ ಆದರೆ ಚಮಚ ಚಮಚವಾಗಿ ನೀರು ಚಿಮುಕಿಸಿ, ಜರಡಿಯಲ್ಲಿ ಉಜ್ಜಿ, ಅರ್ಧ ಗಂಟೆ ಮುಚ್ಚಿಟ್ಟು ಮತ್ತೆ ಜರಡಿ ಹಿಡಿಯಿರಿ.

ಹೂರಣಕ್ಕೆ 150 ಗ್ರಾಂ ಕರಿ ಎಳ್ಳು ಹುರಿದು ತರಿತರಿಯಾಗಿ ಕುಟ್ಟಿ, ಅಷ್ಟೇ ಬೆಲ್ಲ ತುರಿದು ಬೆರೆಸಿ. ಬೆಲ್ಲ ಒಣಗಿರಲಿ. ಪಾಕವಾದರೆ ಸೋರಿ ಕಾವಲಿಗೆ ಹತ್ತಿ ಸೀಯುತ್ತದೆ. ದಪ್ಪ ಕಬ್ಬಿಣದ ಕಾವಲಿ, ಸಣ್ಣ ಉರಿ, ಎಣ್ಣೆ ಬೇಡ. ಎರಡು ಚಮಚ ಹಿಟ್ಟನ್ನು ಅಂಗೈಯಗಲ ತೆಳ್ಳಗೆ ಹರವಿ, ನಡುವೆ ಎಳ್ಳಿನ ಗೆರೆ ಎಳೆದು, ಅಂಚು ತಾನಾಗಿ ಏಳತೊಡಗಿದ ಕೂಡಲೇ ಸುರುಳಿ ಸುತ್ತಿ ಜೋಡಣೆಯನ್ನು ಒತ್ತಿಹಿಡಿಯಿರಿ. ಉರಿ ಜೋರಾದರೆ ಹಾಳೆ ಬಿರುಸಾಗಿ ಸುತ್ತುವಾಗ ಸೀಳುತ್ತದೆ. ಕಾವಲಿ ತಣ್ಣಗಿದ್ದರೆ ಪುಡಿ ಪುಡಿಯಾಗಿಯೇ ಉಳಿಯುತ್ತದೆ. ಮೊದಲ ಎರಡು ಯಾರಿಗೂ ಸರಿ ಬರುವುದಿಲ್ಲ.

ಇದೇ ಓದುಗರು ಮಾಸೋರ್ ಟೆಂಗಾ ಎಂಬ ಮೀನಿನ ಹುಳಿಸಾರಿಗೆ ಥೆಕೆರಾ ಸಿಗುತ್ತಿಲ್ಲ ಎಂದೂ ಬರೆದಿದ್ದಾರೆ. ಥೆಕೆರಾ ನಮ್ಮ ಮುರುಗಲು, ಉಪ್ಪಾಗೆಗಳ ದಾಯಾದಿ. ಒಣಗಿಸಿದ ಪುನರ್ಪುಳಿ ಸಿಪ್ಪೆ ನಾಲ್ಕೈದು ಹಾಕಿ. ಸಾರು ಕೊಂಚ ಕೆಂಪಾಗುತ್ತದೆ, ಹುಳಿಯ ಜಾಡು ಅದೇ.

ಪ್ರಶ್ನೆ: ಜೋರ್ಹಾಟಿನಿಂದ ತಂದ ಡೋಲು ಮೊದಲ ಚಳಿಗಾಲಕ್ಕೇ ಸೀಳಿತು.
— ಓದುಗರು, ಮಿನಿಯಾಪೊಲಿಸ್

ಉತ್ತರ: ಚಳಿಯಿಂದಲ್ಲ, ಒಣ ಗಾಳಿಯಿಂದ. ಬ್ರಹ್ಮಪುತ್ರಾ ಕಣಿವೆಯ ತೇವದಲ್ಲಿ ಬಿಗಿದ ಚರ್ಮ ಮತ್ತು ಮರ, ಹೀಟರ್ ಉರಿಯುವ ಮನೆಯಲ್ಲಿ ನೀರು ಕಳೆದುಕೊಂಡು ಕುಗ್ಗುತ್ತವೆ. ಚರ್ಮ ಎಳೆಯುತ್ತದೆ, ಮರ ಬಿರಿಯುತ್ತದೆ. ನುಡಿಸಿದ ಮೇಲೆ ಬಾರುಗಳನ್ನು ಸಡಿಲಿಸಿಡಿ. ಹೀಟರಿನ ಗಾಳಿ ನೇರ ಬೀಳದ ಕೋಣೆಯಲ್ಲಿ, ಚೀಲದೊಳಗೆ, ಗಿಟಾರ್ ಪೆಟ್ಟಿಗೆಗೆ ಇಡುವಂಥ ತೇವದ ಪೊಟ್ಟಣದ ಜೊತೆಗೆ ಇಡಿ. ಪಕ್ಕದಲ್ಲಿ ಹತ್ತು ಡಾಲರಿನ ತೇವಮಾಪಕ ಇರಲಿ, ಶೇ. 45–50ರ ಸುತ್ತ ತೋರಿಸಬೇಕು. ಕೂದಲೆಳೆಯ ಬಿರುಕಿಗೆ ಮರದ ಅಂಟು ತುಂಬಿ ದಾರ ಸುತ್ತಿ ಒಂದು ದಿನ ಬಿಗಿದಿಟ್ಟರೆ ನಡೆಯುತ್ತದೆ, ನಾದ ಕೊಂಚ ಮಂಕಾಗುತ್ತದೆ. ಬಾಯಿಗಿಟ್ಟು ಮೀಟುವ ಗಗನಾ ಒಂದನ್ನೇ ತರಬೇಡಿ. ಬಿದಿರಿನ ಆ ತೆಳು ನಾಲಿಗೆ ಮಕ್ಕಳ ಕೈಯಲ್ಲಿ ವಾರಕ್ಕೊಂದು ಮುರಿಯುತ್ತದೆ, ಅದೇನೂ ತಪ್ಪಲ್ಲ. ಡಜನ್ ತರಿಸಿ. ಬಡಿದು ತಾಳ ಹಾಕುವ ಟಕಾವನ್ನು ಮಾತ್ರ ಇಲ್ಲಿಯ ಬಿದಿರಿನಲ್ಲೇ ಸೀಳಿ ಮಾಡಿಕೊಳ್ಳಬಹುದು. ಗಿಣ್ಣು ಒಂದು ತುದಿಯಲ್ಲಿ ಉಳಿಯುವಂತೆ ಕತ್ತರಿಸುವುದೇ ಗುಟ್ಟು, ಇಲ್ಲದಿದ್ದರೆ ಸೀಳು ಪೂರ್ತಿ ಓಡಿಬಿಡುತ್ತದೆ.

ಪ್ರಶ್ನೆ: ಮಗಳಿಗೆ ಕನ್ನಡ ನಾನು ಕಲಿಸುತ್ತಿದ್ದೇನೆ, ಅಸ್ಸಾಮಿಯನ್ನು ಅವಳ ಅಪ್ಪ. ಸಂಘದಲ್ಲಿ ಹತ್ತು ಮಕ್ಕಳ ತರಗತಿ ತೆರೆಯಬೇಕು. ಲಿಪಿಯಿಂದ ಶುರು ಮಾಡುವುದೋ ಮಾತಿನಿಂದಲೋ?
— ಓದುಗರು, ಟೊರಾಂಟೊ

ಉತ್ತರ: ಮಾತಿನಿಂದ. ಮೊದಲ ಮೂರು ತಿಂಗಳು ಲಿಪಿ ಬೇಡವೇ ಬೇಡ. ಕನ್ನಡದಲ್ಲಿ ಹೆಚ್ಚುಕಡಿಮೆ ನುಡಿದಂತೆ ಬರೆಯುತ್ತೇವೆ, ಅಸ್ಸಾಮಿಯಲ್ಲಿ ಹಾಗಲ್ಲ. ಬರಹದಲ್ಲಿ ತವರ್ಗ, ಟವರ್ಗ ಎರಡಿದ್ದರೂ ಬಾಯಲ್ಲಿ ಒಂದೇ. ಹ್ರಸ್ವ-ದೀರ್ಘ ಇಕಾರ ಉಕಾರಗಳು ಕಾಗದದ ಮೇಲೆ ಮಾತ್ರ. ಚಕಾರ ಛಕಾರಗಳೆರಡೂ ಸಕಾರವಾಗಿ ಕೇಳುತ್ತವೆ: ಚಾದರ್ ಎಂದು ಬರೆದದ್ದು ‘ಸಾದೊರ್’. ಮೂರು ಸಕಾರಗಳೋ, ಗಂಟಲಿನಿಂದ ಉಜ್ಜಿ ಬರುವ, ಖ ಮತ್ತು ಹ ನಡುವಿನ ಒಂದು ಸದ್ದಾಗುತ್ತವೆ. ನಾವು ಮೇಲೆ ಹೊರಾಯಿ ಎಂದು ಬರೆದದ್ದರ ಮೊದಲ ಅಕ್ಷರ ಅದೇ. ಈ ಸದ್ದು ಅಸ್ಸಾಮಿಯ ಗುರುತು. ಹೊರದೇಶದ ಮಕ್ಕಳು ಮೊದಲು ಕಳೆದುಕೊಳ್ಳುವುದೂ ಇದನ್ನೇ. ಕನ್ನಡ ಬಲ್ಲ ಮಗುವಿನ ನಾಲಿಗೆ ತಕಾರ ಟಕಾರ ಬೇರೆ ಮಾಡುತ್ತದೆ, ಅದನ್ನು ತಿದ್ದಲು ಹೋಗಬೇಡಿ. ಈ ಗಂಟಲ ಸದ್ದನ್ನು ಮಾತ್ರ ಪಟ್ಟು ಹಿಡಿದು ಕಲಿಸಿ.

ವಾರಕ್ಕೊಮ್ಮೆ 90 ನಿಮಿಷ ಸಾಕು. ಕಾಲು ಗಂಟೆ ಹಾಡು, ಅರ್ಧ ಗಂಟೆ ಮಾತಿನ ಆಟ, ಕಥೆ, ಉಳಿದದ್ದು ಕೈಕೆಲಸ. ಮಾತಿನ ಆಟಕ್ಕೆ ಒಳ್ಳೆಯ ವಸ್ತು ಎಣಿಕೆಯ ಪ್ರತ್ಯಯಗಳು. ವಸ್ತುವಿನ ಆಕಾರ, ಗೌರವ ನೋಡಿ ಪ್ರತ್ಯಯ ಬದಲಾಗುತ್ತದೆ: ಪುಸ್ತಕದಂಥದಕ್ಕೆ ಖನ್, ಕೋಲಿನಂಥದಕ್ಕೆ ಡಾಲ್, ಗಿಡಮರಕ್ಕೆ ಜೋಪಾ, ಗೌರವದ ಗಂಡಸಿಗೆ ಜನ್, ಹೆಂಗಸಿಗೆ ಮತ್ತು ಹೆಣ್ಣು ಪ್ರಾಣಿಗೆ ಜನಿ. ಮೇಜಿನ ಮೇಲೆ ಹತ್ತು ವಸ್ತು ಇಟ್ಟು ಎಣಿಸಲು ಹೇಳಿ. ಇಂಗ್ಲಿಷಿನಲ್ಲಿ ಯೋಚಿಸುವ ಮಗು ಎಲ್ಲದಕ್ಕೂ ‘ಟೊ’ ಎಂದು ಮುಗಿಸಿಬಿಡುತ್ತದೆ. ಹಾಗೆಯೇ ತೊಯ್, ತುಮಿ, ಆಪುನಿ ಎಂಬ ಮೂರು ಮೆಟ್ಟಿಲ ‘ನೀನು’. ಅಜ್ಜಿಯನ್ನು ‘ಆಯ್ತಾ, ತೊಯ್’ ಎಂದು ಕರೆದರೆ ಫೋನಿನ ಆ ತುದಿಯಲ್ಲಿ ಮನಸ್ಸು ನೋಯುತ್ತದೆ.

ಲಿಪಿಗೆ ಬಂದಾಗ ಒಂದು ಎಚ್ಚರ. ಯೂನಿಕೋಡಿನಲ್ಲಿ ಅಸ್ಸಾಮಿಗೂ ಬಂಗಾಳಿಗೂ ಒಂದೇ ಕೋಷ್ಟಕ, ಆದರೆ ಅಸ್ಸಾಮಿಯ ರಕಾರ, ವಕಾರ ಬೇರೆ. ಬಂಗಾಳಿ ಕೀಲಿಮಣೆಯಲ್ಲಿ ಹೊಡೆದ ಆಹ್ವಾನ ಪತ್ರಿಕೆಯಲ್ಲಿ ಎಲ್ಲ ರಕಾರಗಳೂ ಬಂಗಾಳಿಯವಾಗಿ ಅಚ್ಚಾಗುತ್ತವೆ. 1836ರಿಂದ 1873ರವರೆಗೆ ಕೋರ್ಟು, ಶಾಲೆಗಳಲ್ಲಿ ಬಂಗಾಳಿಯನ್ನು ಹೇರಿ ಅಸ್ಸಾಮಿಯನ್ನು ಹೊರಗಿಟ್ಟ ಇತಿಹಾಸವಿರುವುದರಿಂದ ಹಿರಿಯರಿಗೆ ಇದು ಬರೀ ಅಚ್ಚಿನ ತಪ್ಪಲ್ಲ. ಫೋನಿನಲ್ಲಿ ಅಸ್ಸಾಮಿ ಕೀಲಿಮಣೆಯನ್ನೇ ಆರಿಸಿಕೊಳ್ಳಿ. ಕನ್ನಡಕ್ಕೆ 2008ರಲ್ಲಿ ಸಿಕ್ಕ ಶಾಸ್ತ್ರೀಯ ಸ್ಥಾನ ಅಸ್ಸಾಮಿಗೆ 2024ರ ಅಕ್ಟೋಬರಿನಲ್ಲಿ ಸಿಕ್ಕಿದೆ ಎಂಬುದನ್ನೂ ಮಗಳಿಗೆ ಹೇಳಿ. ಅವಳ ಎರಡೂ ಮನೆಮಾತು ಒಂದೇ ಸಾಲಿನಲ್ಲಿ ಕೂತಿವೆ.

ಪ್ರಶ್ನೆ: ಸಂಘದ ಅತಿಥಿಗಳಿಗೆ ಹೊದಿಸುವ ಗಮೊಸಾ ಅಸಲಿಯೋ ಎಂದು ಹೇಗೆ ತಿಳಿಯುವುದು? ಅತ್ತೆ ಕೊಟ್ಟ ಮುಗಾ ರೇಷ್ಮೆಯ ಉಡುಪು ಮೇಖೇಲಾ ಚಾದರ್ ಕಾಪಾಡುವುದು ಹೇಗೆ?
— ಓದುಗರು, ಬೆಂಗಳೂರು (ಮಗ ಸೊಸೆ ಸಿಯಾಟಲ್‌ನಲ್ಲಿ)

ಉತ್ತರ: ಗಮೊಸಾದ ಅಂಚು ನೋಡಿ. ಕೈಮಗ್ಗದಲ್ಲಿ ಬಟ್ಟೆ ಅಗಲಕ್ಕೆ ಎಳೆದು ಹಿಡಿಯುವ ಕಡ್ಡಿಯ ಮೊನೆ ಚುಚ್ಚಿದ ಸಣ್ಣ ತೂತುಗಳು ಅಂಚಿನುದ್ದಕ್ಕೆ ಇರುತ್ತವೆ. ಕೆಂಪು ಹೂವುಗಳು ಒಂದಕ್ಕೊಂದು ಅಚ್ಚು ಹೊಡೆದಂತಿರುವುದಿಲ್ಲ. ಯಂತ್ರದ್ದರಲ್ಲಿ ಎಲ್ಲವೂ ಒಂದೇ ಅಳತೆ, ಹೂವಿನ ಹಿಂದೆ ಕತ್ತರಿಸಿದ ನೂಲಿನ ತುದಿಗಳು. ಅಸ್ಸಾಮಿನ ಗಮೊಸಾಕ್ಕೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನೇಕಾರ ಮಹಿಳೆಯರ ಸಹಕಾರ ಸಂಘದಿಂದ ನೇರ ಕೊಳ್ಳಿ, ಏಪ್ರಿಲ್ ಬಿಹುವಿಗೆ ಜನವರಿಯಲ್ಲೇ ಮುಂಗಡ ಕೊಡಿ. ಕೊನೆಯ ಗಳಿಗೆಯ ನೂರು ಗಮೊಸಾ ಬೇಡಿಕೆಯೇ ಯಂತ್ರದ ಮಾಲಿಗೆ ದಾರಿ.

ಮುಗಾ ಬಂಗಾರದ ಬಣ್ಣ ನೂಲಿನದ್ದೇ, ಬಳಿದದ್ದಲ್ಲ. ಒಗೆದಷ್ಟೂ ಹೊಳಪು ಹೆಚ್ಚುತ್ತದೆ. ಅಂಟುವಾಳದ ನೀರು ಅಥವಾ ಮೆದು ಸೋಪು, ಹಿಂಡದೆ ನೆರಳಿನಲ್ಲಿ ಒಣಗಿಸುವುದು. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ರೇಷ್ಮೆಗೆ ತಾಗಬಾರದು. ಮೂರು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಚಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಅಲ್ಲೇ ಸೀಳುತ್ತದೆ. ಸಂಘದ ಪ್ರದರ್ಶನದಲ್ಲಿಟ್ಟರೆ ಬಿಸಿಲು, ಸ್ಪಾಟ್‌ಲೈಟ್ ಬೀಳದಂತೆ ನೋಡಿಕೊಳ್ಳಿ. ವಸ್ತ್ರಗಳಿಗೆ ಮ್ಯೂಸಿಯಂಗಳು ಇಡುವ ಬೆಳಕಿನ ಮಿತಿ ಬರೀ 50 ಲಕ್ಸ್.

ಪ್ರಶ್ನೆ: ಯಕ್ಷಗಾನ ನೋಡಿ ಬೆಳೆದವನು ನಾನು. ಇಲ್ಲಿನ ಅಸ್ಸಾಂ ಸಂಘ ‘ಭಾವನಾ’ ಎಂಬ ಭಕ್ತಿನಾಟಕ ಆಡಬೇಕೆಂದಿದೆ. ಎರಡು ಗಂಟೆಗೆ ಕತ್ತರಿಸಬಹುದೇ?
— ಓದುಗರು, ಬೇ ಏರಿಯಾ

ಉತ್ತರ: ಕತ್ತರಿಸಬಹುದು, ಎಲ್ಲಿ ಎಂಬುದು ಮುಖ್ಯ. ಭಾವನಾದಲ್ಲಿ ಆಡುವ, ವೈಷ್ಣವ ಸಂತ ಶಂಕರದೇವರ ಅಂಕಿಯಾ ನಾಟಗಳಲ್ಲಿ ಸೂತ್ರಧಾರ ಆರಂಭದಲ್ಲಿ ಬಂದು ಮರೆಯಾಗುವವನಲ್ಲ. ಕೊನೆಯವರೆಗೂ ರಂಗದ ಮೇಲೆಯೇ ಇದ್ದು ಹಾಡುತ್ತಾನೆ, ಕುಣಿಯುತ್ತಾನೆ, ಕಥೆ ಬಿಡಿಸುತ್ತಾನೆ. ಭಾಗವತರು ಎದ್ದು ನಿಂತು ಹೆಜ್ಜೆಯನ್ನೂ ಹಾಕಿದರೆ ಹೇಗೋ ಹಾಗೆ. ಸಮಯವಿಲ್ಲವೆಂದು ಅವನ ಭಾಗ ಕಡಿದು ಪಾತ್ರಗಳ ಮಾತು ಉಳಿಸಿಕೊಂಡರೆ ಉಳಿಯುವುದು ಶಾಲಾ ನಾಟಕ. ಬದಲಿಗೆ ಯುದ್ಧದ, ಪಯಣದ ಸುತ್ತುಗಳನ್ನು ಮೊಟಕುಗೊಳಿಸಿ. ಆರಂಭದ ಗಾಯನ್-ಬಾಯನ್ (ಹಾಡುಗಾರ-ವಾದಕರ ಮೇಳ), ನಾಂದಿ, ಕೊನೆಯ ಮಂಗಳಗೀತೆ ಮುಕ್ತಿಮಂಗಲ್ ಭಟಿಮಾ ಮುಟ್ಟಬೇಡಿ. ಭಾಷೆ ಬ್ರಜಾವಲಿ ಎಂಬ ಹಳೆಯ ಕಾವ್ಯಭಾಷೆ, ಗುವಾಹಟಿಯ ಮಕ್ಕಳಿಗೂ ಕಷ್ಟವೇ. ಅದನ್ನು ಇಂದಿನ ಮಾತಿಗೆ ಬದಲಿಸದೆ ಪಕ್ಕದ ಪರದೆಯಲ್ಲಿ ಅರ್ಥ ತೋರಿಸಿ. ಸತ್ರಿಯಾ ನೃತ್ಯ ಕಲಿಸುವ ಜಾಗ ಕಾಂಕ್ರೀಟ್ ನೆಲವಾಗದಿರಲಿ. ಅದರ ನೆಲದ ಅಭ್ಯಾಸಗಳಾದ ಮಾಟಿ ಆಖರಾದ ಜಿಗಿತಗಳಿಗೆ ಮಂಡಿ ಕೆಡುತ್ತದೆ.

ಸತ್ರದಿಂದ (ಅಸ್ಸಾಮಿನ ವೈಷ್ಣವ ಮಠದಿಂದ) ಗುರುಗಳನ್ನು ಕರೆಸುವುದಾದರೆ ಪ್ರವಾಸಿ ವೀಸಾದಲ್ಲಿ ಟಿಕೆಟ್ ಪ್ರದರ್ಶನ ಮಾಡಿಸಬೇಡಿ. ಇದಕ್ಕೆಂದೇ ಪಿ-3 ವೀಸಾ ಇದೆ. ಸಂಘ ಐ-129 ಅರ್ಜಿ ಹಾಕಬೇಕು. ಕಲೆಯ ವಿಶಿಷ್ಟತೆ ಬಲ್ಲವರ ಪತ್ರಗಳು, ಪತ್ರಿಕಾ ಬರಹಗಳು, ಕಾರ್ಮಿಕ ಸಂಘಟನೆಯ ಅಭಿಪ್ರಾಯ ಲಗತ್ತಿಸಬೇಕು. ಒಂಬತ್ತು ತಿಂಗಳು ಮೊದಲೇ ಶುರುಮಾಡಿ. ಬಂದವರನ್ನು ಒಂದೇ ಸಂಜೆ ಕುಣಿಸಿ ಕಳಿಸುವುದು ದೊಡ್ಡ ನಷ್ಟ. ಮೂರು ವಾರ ಇರಿಸಿಕೊಂಡು ಖೋಲ್ ಎಂಬ ಚರ್ಮವಾದ್ಯ, ಬರ್‌ಗೀತ್ ಭಕ್ತಿಗೀತೆಗಳನ್ನು ಕಲಿಸಲು ಹೇಳಿ.

ಪ್ರಶ್ನೆ: ಪ್ರವಾಹದಲ್ಲಿ ಹಾಳಾದ ಸತ್ರಕ್ಕೆ ಸಂಘದಿಂದ ಹಣ ಕಳಿಸಬಹುದೇ?
— ಓದುಗರು, ಲಂಡನ್

ಉತ್ತರ: ಹೊರದೇಶದಲ್ಲಿ ನೋಂದಾಯಿತ ಸಂಘದ ಹಣ ಭಾರತದ ಕಾನೂನಿನಲ್ಲಿ ವಿದೇಶಿ ದೇಣಿಗೆ. ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ನೋಂದಣಿ ಮತ್ತು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ಖಾತೆ ಇರಬೇಕು. ಇಲ್ಲದ ಸತ್ರಕ್ಕೆ ಕಳಿಸಿದರೆ ತೊಂದರೆ ಅವರಿಗೇ. ಭಾರತದ ಪಾಸ್‌ಪೋರ್ಟ್ ಇರುವ ಸದಸ್ಯರು ತಮ್ಮ ಸ್ವಂತ ಹಣ ಕೊಡಲು ಈ ತಡೆಯಿಲ್ಲ. ಒಸಿಐ ಕಾರ್ಡಿನವರು (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರು) ವಿದೇಶಿಯರ ಲೆಕ್ಕಕ್ಕೇ ಬರುತ್ತಾರೆ. ನೇಕಾರರಿಂದ, ಕಂಚುಗಾರರಿಂದ ಬೆಲೆ ಕೊಟ್ಟು ಮಾಲು ಕೊಳ್ಳುವುದು ವ್ಯಾಪಾರ, ದೇಣಿಗೆಯಲ್ಲ.

ಲಂಡನ್ನಿನಲ್ಲಿದ್ದೀರಿ ಎಂದ ಮೇಲೆ, ಬ್ರಿಟಿಷ್ ಮ್ಯೂಸಿಯಮ್ಮಿನ ವೃಂದಾವನಿ ವಸ್ತ್ರದ ಬಗ್ಗೆ ಮಕ್ಕಳಿಗೆ ಪಾಠ ಮಾಡಿ. ಕೃಷ್ಣಲೀಲೆ ನೇಯ್ದ ಒಂಬತ್ತು ಮೀಟರಿಗೂ ಉದ್ದದ ಈ ಅಸ್ಸಾಮಿ ರೇಷ್ಮೆ ಟಿಬೆಟ್ಟಿನ ಮೂಲಕ 1905ರಲ್ಲಿ ಅಲ್ಲಿ ಸೇರಿತು.

ಪ್ರಶ್ನೆ: ಮಾವನ ಮನೆಯ ಅಟ್ಟದಲ್ಲಿ ಹಾಂಚಿಪಾತ್ ಹಸ್ತಪ್ರತಿಗಳಿವೆ. ತಂದು ಸಂಘದಲ್ಲಿ ಇಡಬಹುದೇ?
— ಓದುಗರು, ಶಿಕಾಗೊ

ಉತ್ತರ: ತರಬಾರದು. 75 ವರ್ಷ ದಾಟಿದ, ಸಾಹಿತ್ಯ ಅಥವಾ ಇತಿಹಾಸದ ಬೆಲೆಯಿರುವ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ. ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಗರು ಮರದ ತೊಗಟೆಯ ಆ ಹಾಳೆಗಳಿಗೆ ಹಳದಿ ಬಣ್ಣ ಬಂದದ್ದು ಹರಿತಾಳದಿಂದ, ಅದು ಆರ್ಸೆನಿಕ್; ಹುಳು ಬಾರದಿರುವುದು ಅದರಿಂದಲೇ. ಕೈಗವಸಿಲ್ಲದೆ ಮುಟ್ಟಬೇಡಿ, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಹಾಳೆಯ ಎರಡೂ ಮಗ್ಗುಲು, ಸಂಖ್ಯೆ ಇರುವ ಮೂಲೆ ಕಾಣುವಂತೆ ಫೋಟೊ ತೆಗೆಯಿಸಿ. ಮೂಲ ಪ್ರತಿಯನ್ನು ಗುವಾಹಟಿಯ ಐತಿಹಾಸಿಕ ಮತ್ತು ಪುರಾತತ್ತ್ವ ಅಧ್ಯಯನ ಇಲಾಖೆಗೋ ಊರಿನ ಸತ್ರಕ್ಕೋ ಒಪ್ಪಿಸಿ, ರಶೀದಿ ಪಡೆಯಿರಿ.

ಮಾವನವರು ಅದನ್ನು ಓದಬಲ್ಲರಾದರೆ ಹಸ್ತಪ್ರತಿಗಿಂತ ಮೊದಲು ಅವರ ದನಿ ಹಿಡಿಯಿರಿ. ಫೋನ್ ಸಾಕು, ಮೈಕನ್ನು ಮಾತ್ರ ಎದೆಯ ಬಳಿ ಸಿಕ್ಕಿಸಿ. ಫ್ಯಾನ್, ಫ್ರಿಜ್ ಆರಿಸಿ. ವೇವ್ ಫೈಲಾಗಿ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ದಾಖಲಿಸಿ. ಶುರುವಿನಲ್ಲೇ ದಿನಾಂಕ, ಊರು, ಮಾತು ಕಾಮರೂಪಿಯೋ ಗೋವಾಲಪಾರಿಯಾವೋ ಮೇಲಣ ಅಸ್ಸಾಮಿನದೋ ಎಂದು ಅವರ ಬಾಯಲ್ಲೇ ಹೇಳಿಸಿ, ಒಪ್ಪಿಗೆಯನ್ನೂ ಹೇಳಿಸಿ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ. ಒಮ್ಮೆಗೆ ನಲವತ್ತು ನಿಮಿಷ ದಾಟಬೇಡಿ, ದಣಿದ ದನಿಯಲ್ಲಿ ಪದ್ಯದ ರಾಗ ಜಾರುತ್ತದೆ.